ಮನೆಕಸ ಸುಟ್ಟ ಹಾರುಬೂದಿ: ಕಾಯಿಸಿದರೆ ವಿಷ ಹೋಗುತ್ತಾ? ಇಟ್ಟಿಗೆಗೆ ಹಾಕಬಹುದಾ?

ಕೆಂಗೇರಿ_ಸೈಟ್
ಎಲ್ಲರಿಗೂ ನಮಸ್ಕಾರ. ಮನೆಗೆ ಕಾಂಪೌಂಡು, ಒಳಗೋಡೆ ಕಟ್ಟಿಸಬೇಕು. ಇಟ್ಟಿಗೆ ಕೊಡುವವರೊಬ್ಬರು ಮಾಮೂಲಿ ಫ್ಲೈ ಆ್ಯಶ್ ಇಟ್ಟಿಗೆಗಿಂತ ಕಡಿಮೆ ರೇಟು ಹೇಳಿದರು. ಹೇಗೆ ಕಡಿಮೆ ಎಂದು ಕೇಳಿದೆ. ಬೇರೆ ರಾಜ್ಯದಲ್ಲಿ ಮನೆಕಸ ಸುಟ್ಟು ಕರೆಂಟ್ ತೆಗೆಯುವ ಘಟಕದ ಹಾರುಬೂದಿ (ಹೊಗೆಯ ಜೊತೆ ಹಾರಿ ಬರುವ ಬೂದಿ, ಅಂದರೆ ಫ್ಲೈ ಆ್ಯಶ್) ಬೆರೆಸಿದ್ದಾರಂತೆ. "ಹೀಟ್ ಟ್ರೀಟ್‌ಮೆಂಟ್ ಆಗಿದೆ ಸರ್, ವಿಷ ಏನೂ ಉಳಿದಿಲ್ಲ" ಎಂದರು.

ನನಗೆ ಇದರ ಬಗ್ಗೆ ಗೊತ್ತಿಲ್ಲ. ಬೂದಿಯನ್ನು ಮತ್ತೆ ಕಾಯಿಸುವುದು ಎಂದರೆ ಏನು? ಅದರಿಂದ ನಿಜವಾಗಿ ಏನು ಹೋಗುತ್ತೆ, ಏನು ಉಳಿಯುತ್ತೆ? ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ತಿಳಿದವರು ದಯವಿಟ್ಟು ಹೇಳಿ.

ಗಾರೆ_ಗೋಪಿ
ಫ್ಲೈ ಆ್ಯಶ್ ಇಟ್ಟಿಗೆಯನ್ನು ಎಲ್ಲರೂ ಬಳಸುತ್ತಿದ್ದಾರೆ. ಏನೂ ಆಗಲ್ಲ, ಧೈರ್ಯವಾಗಿ ತಗೊಳ್ಳಿ.

ಶಕ್ತಿನಗರ_ರೋಡ್
ಗೋಪಿಯವರೇ, ಹಂಗೆ ಹೇಳಬ್ಯಾಡ್ರಿ. ನೀವು ಹೇಳುತ್ತಿರುವುದು ಕಲ್ಲಿದ್ದಲು ಬೂದಿ. ನಮ್ಮ ಶಕ್ತಿನಗರ, ಯರಮರಸ್, ಬಳ್ಳಾರಿ ಕಡೆ ಕುಡಿತಿನಿ, ಅಲ್ಲಿನ ಥರ್ಮಲ್ ವಿದ್ಯುತ್ ಸ್ಥಾವರಗಳಿಂದ ಬರುವ ಮಾಲು. ಪುಡಿ ಮಾಡಿದ ಕಲ್ಲಿದ್ದಲು ಬಹಳ ಜೋರು ಶಾಖದಲ್ಲಿ ಉರಿಯುತ್ತದೆ. ಅದರಲ್ಲಿದ್ದ ಮಣ್ಣಿನ ಅಂಶ ಕರಗಿ ಸಣ್ಣ ಸಣ್ಣ ಗಾಜಿನ ಗುಂಡಾಗಿ ಹಾರಿ ಬರುತ್ತದೆ. ಬಹುಪಾಲು ಸಿಲಿಕಾ, ಅಲ್ಯುಮಿನಾ. ಸುಣ್ಣದ ಜೊತೆ ಸೇರಿದರೆ ನಿಧಾನಕ್ಕೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಅದಕ್ಕೇ ಇಟ್ಟಿಗೆಗೆ, ಸಿಮೆಂಟಿಗೆ ಹೋಗುತ್ತದೆ. 2021ರ ಡಿಸೆಂಬರ್ 31ರ ಕೇಂದ್ರ ಅಧಿಸೂಚನೆ ಪೂರ್ತಿ ಬೂದಿ ಬಳಕೆಯಾಗಬೇಕು ಎಂದದ್ದೂ ಕಲ್ಲಿದ್ದಲು, ಲಿಗ್ನೈಟ್ ಬೂದಿಗೇ.

ಕಸ ಸುಟ್ಟ ಬೂದಿ ಅದಲ್ಲ. ಅಲ್ಲಿ ಹೊಗೆಯ ಆಮ್ಲ ತಡೆಯಲು ಸುಣ್ಣ ಊದುತ್ತಾರೆ. ಆ ಸುಣ್ಣ, ಉಪ್ಪು, ಮಸಿ, ಲೋಹ ಎಲ್ಲಾ ಸೇರಿ ಹೊಗೆ ಸೋಸುವ ಬ್ಯಾಗ್ ಫಿಲ್ಟರ್‌ನಲ್ಲಿ ಬಂದು ಬೀಳುತ್ತದೆ. ಗಾಳಿಗಿಟ್ಟರೆ ತೇವ ಹೀರಿ ಅಂಟುತ್ತದೆ. ಕಲ್ಲಿದ್ದಲು ಬೂದಿಯ ದೂಳಿನಲ್ಲಿ ಬದುಕುವ ನಮಗೆ ಅದೂ ಸಣ್ಣ ತೊಂದರೆ ಅಲ್ಲ ಅನ್ನುವುದು ಚೆನ್ನಾಗಿ ಗೊತ್ತು. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಎಚ್ಎಸ್ಆರ್_ವಿನಯ
ಸುಮ್ನೆ ಹೆದರಿಸಬೇಡಿ. 2016ರ ಘನತ್ಯಾಜ್ಯ ನಿಯಮದ ಪ್ರಕಾರ ಒಲೆಯ ಎರಡನೇ ಕೋಣೆಯಲ್ಲಿ 950 ಡಿಗ್ರಿ, ಹೊಗೆ ಅಲ್ಲಿ ಕನಿಷ್ಠ 2 ಸೆಕೆಂಡ್ ಇರಬೇಕು ಎಂದಿತ್ತು. ಅಷ್ಟು ಶಾಖದಲ್ಲಿ ಡಯಾಕ್ಸಿನ್ (ಕ್ಲೋರಿನ್ ಇರುವ ಕಸ ಸುಟ್ಟಾಗ ಹುಟ್ಟುವ ಭಾರಿ ವಿಷ) ಉಳಿಯಲ್ಲ. ಇನ್ನು ಬೂದಿಯಲ್ಲಿ ಎಲ್ಲಿಂದ ಬರುತ್ತೆ?

ರಸಾಯನ_ಮೇಷ್ಟ್ರು
ವಿನಯ್, ಒಳ್ಳೆಯ ಪ್ರಶ್ನೆ. ಇಡೀ ವಿಷಯದ ಗಂಟು ಇಲ್ಲೇ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಒಲೆಯಲ್ಲಿ ಡಯಾಕ್ಸಿನ್ ಒಡೆಯುತ್ತದೆ, ನಿಜ. ಆದರೆ ಹೊಗೆ ಬಾಯ್ಲರ್ ದಾಟಿ ತಣ್ಣಗಾಗುವಾಗ ಮತ್ತೆ ಹುಟ್ಟುತ್ತದೆ. ಅದಕ್ಕೆ ಬೇಕಾದ ಸಾಮಾನೆಲ್ಲ ಹಾರುಬೂದಿಯಲ್ಲೇ ಇದೆ: ಉರಿಯದೆ ಉಳಿದ ಇಂಗಾಲ, ಕ್ಲೋರಿನ್, ಜೊತೆಗೆ ಕ್ರಿಯೆಗೆ ಚುರುಕು ಕೊಡುವ ತಾಮ್ರ. ಸುಮಾರು 250ರಿಂದ 350 ಡಿಗ್ರಿ ನಡುವೆ ಗಾಳಿಯ ಆಮ್ಲಜನಕ ಸಿಕ್ಕರೆ ಬೂದಿಯ ಮೈಮೇಲೇ ಡಯಾಕ್ಸಿನ್ ಕಟ್ಟುತ್ತದೆ. ಕಸ ಸುಟ್ಟ ಹಾರುಬೂದಿಯಲ್ಲಿ ಡಯಾಕ್ಸಿನ್ ಇದೆ ಎಂದು ಮೊದಲು ತೋರಿಸಿದ್ದು 1977ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ, ಕೇಸ್ ಓಲಿ ಮತ್ತು ಅವರ ಸಂಗಡಿಗರು. ಅದು ಮತ್ತೆ ಹುಟ್ಟುವ ಬಗೆಯನ್ನು 1980ರ ದಶಕದ ಮಧ್ಯದಲ್ಲಿ ಬಿಡಿಸಿ ಹೇಳಿದ್ದು ಜರ್ಮನಿಯ ಕಾರ್ಲ್ಸ್‌ರೂಹೆಯ ಫೋಗ್ ಮತ್ತು ಸ್ಟೀಗ್ಲಿಟ್ಸ್. ಬೂದಿಯನ್ನು ಗಾಳಿಯಲ್ಲಿ 300 ಡಿಗ್ರಿಗೆ ಕಾಯಿಸಿದರೆ ಡಯಾಕ್ಸಿನ್ ಹಲವು ಪಟ್ಟು ಜಾಸ್ತಿಯಾಯಿತು. 600 ಡಿಗ್ರಿಗೆ ಒಯ್ದರೆ ನಾಶವಾಯಿತು.

ಅಂದರೆ "ಕಾಯಿಸಿದ್ದೇವೆ" ಎಂಬ ಮಾತಿನಿಂದ ಏನೂ ತಿಳಿಯುವುದಿಲ್ಲ. ಎಷ್ಟು ಡಿಗ್ರಿಗೆ, ಎಷ್ಟು ಹೊತ್ತು, ಗಾಳಿ ಇತ್ತೋ ಇಲ್ಲವೋ, ಆಮೇಲೆ ಹೇಗೆ ತಣಿಸಿದರು, ಈ ನಾಲ್ಕೂ ಗೊತ್ತಾಗಬೇಕು. ಅರೆಬರೆ ಕಾಯಿಸಿದರೆ ಮೊದಲಿಗಿಂತ ಕೆಟ್ಟ ಬೂದಿ ಕೈಗೆ ಬರಬಹುದು.

ಎಚ್ಎಸ್ಆರ್_ವಿನಯ
ಹಾಗಿದ್ದರೆ 600 ಡಿಗ್ರಿಗೆ ಕಾಯಿಸಿದರೆ ಮುಗಿಯಿತಲ್ಲ?

ರಸಾಯನ_ಮೇಷ್ಟ್ರು
ಡಯಾಕ್ಸಿನ್ ಮಟ್ಟಿಗೆ ಅಷ್ಟೂ ಬೇಕಿಲ್ಲ. ಟ್ಯೂಬಿಂಗನ್‌ನ ಹಾಗೆನ್‌ಮಯರ್ 1987ರಲ್ಲೇ ತೋರಿಸಿದರು: ಆಮ್ಲಜನಕ ಇಲ್ಲದ ಹಾಗೆ ನೋಡಿಕೊಂಡರೆ ಅದೇ 300 ಡಿಗ್ರಿ ಆಸುಪಾಸಿನಲ್ಲಿ, ಒಂದೆರಡು ಗಂಟೆಯಲ್ಲಿ, ಡಯಾಕ್ಸಿನ್‌ನ ಕ್ಲೋರಿನ್ ಉದುರಿಹೋಗುತ್ತದೆ. ಡಯಾಕ್ಸಿನ್ ಕಟ್ಟಲು ನೆರವಾದ ಅದೇ ತಾಮ್ರ, ಗಾಳಿ ಇಲ್ಲದಾಗ ಅದನ್ನು ಒಡೆಯಲು ನೆರವಾಗುತ್ತದೆ. ನನಗೆ ಇವತ್ತಿಗೂ ಇದು ಬಹಳ ಚಂದದ ರಸಾಯನ ಅನ್ನಿಸುತ್ತದೆ.

ಈ ಕ್ರಮದಲ್ಲಿ ಮುಚ್ಚಿದ ಡ್ರಮ್ಮಿನೊಳಗೆ ಬೂದಿ ತಿರುಗಿಸುತ್ತಾ ಕಾಯಿಸುತ್ತಾರೆ. ಹೊರಗೆ ಬಿಡುವ ಮುಂಚೆ ಸುಮಾರು 60 ಡಿಗ್ರಿಗೆ ಇಳಿಸಲೇಬೇಕು. ಬಿಸಿ ಬೂದಿಗೆ ಗಾಳಿ ತಾಗಿದರೆ ಮತ್ತೆ ಶುರು. ಜಪಾನಿನ ಮಾತ್ಸುದೊ ನಗರದಲ್ಲಿ 1990ರ ದಶಕದಲ್ಲಿ ಇದನ್ನು ಹಾಕಿ ನಡೆಸಿದರು. 350 ಡಿಗ್ರಿ, ಒಂದು ಗಂಟೆ.

ಆದರೆ ಲೋಹ? ಸೀಸ, ಕ್ಯಾಡ್ಮಿಯಂ, ಸತು ಎಲ್ಲವೂ ಹಾಗೇ ಕೂತಿರುತ್ತವೆ. ಬೆಂಕಿಗೆ ಅಣುವನ್ನು ಒಡೆಯಲು ಬರುತ್ತದೆ. ಸೀಸವನ್ನು ಇಲ್ಲವಾಗಿಸಲು ಬರುವುದಿಲ್ಲ.

ಒಣಕಸ_ಅಕ್ಕ
ಮೇಷ್ಟ್ರೇ, ಕ್ಲೋರಿನ್ ಎಲ್ಲಿಂದ ಬರುತ್ತದೆ ಎಂದೂ ಹೇಳಿ. ಪಿವಿಸಿ ಪೈಪು, ಫ್ಲೆಕ್ಸ್ ಬ್ಯಾನರು, ವೈರಿನ ಕವಚ, ಇವೆಲ್ಲ ಒಣಕಸದಲ್ಲಿ ಬರುತ್ತವೆ. ನಮ್ಮ ವಾರ್ಡಿನ ಒಣಕಸ ಕೇಂದ್ರದಲ್ಲಿ ಪಿವಿಸಿ ಬೇರೆ ಮಾಡುವ ಹೆಣ್ಣುಮಕ್ಕಳು ಕೈಯಲ್ಲಿ ಮುಟ್ಟಿ, ಬಗ್ಗಿಸಿ ಗುರುತು ಹಿಡಿಯುತ್ತಾರೆ. ಎಲ್ಲಾ ಕಲಸಿ ಲಾರಿಗೆ ತುಂಬಿದ ಮೇಲೆ ಅದನ್ನು ಯಾವ ಯಂತ್ರವೂ ಸರಿಯಾಗಿ ಆರಿಸುವುದಿಲ್ಲ. ಕ್ಲೋರಿನ್ ಇರುವ ಪ್ಲಾಸ್ಟಿಕ್ ಸುಡುವುದನ್ನು ಎರಡು ವರ್ಷದಲ್ಲಿ ನಿಲ್ಲಿಸಬೇಕು ಎಂದು 2016ರ ನಿಯಮದಲ್ಲೇ ಬರೆದಿತ್ತು.

ರಸಾಯನ_ಮೇಷ್ಟ್ರು
ಅಕ್ಕ ಹೇಳಿದ್ದು ಸರಿ, ಜೊತೆಗೆ ಅಡುಗೆಮನೆ ಉಪ್ಪನ್ನೂ ಸೇರಿಸಿ. ಉಳಿದ ಸಾರು, ಉಪ್ಪಿನಕಾಯಿ, ಚಿಪ್ಸ್ ಎಲ್ಲದರಲ್ಲೂ ಸೋಡಿಯಂ ಕ್ಲೋರೈಡ್ ಇದೆ. ಹಸಿಕಸ ಸುಡುವ ಒಲೆಗೆ ಹೋದರೆ ಶಾಖವೂ ಕಮ್ಮಿ, ಕ್ಲೋರಿನ್ನೂ ಜಾಸ್ತಿ. ಹಸಿಕಸ ಬೇರೆ ಮಾಡಿದರೆ ಎರಡು ಕಡೆಯಿಂದ ಲಾಭ.

ಮಾವಳ್ಳಿಪುರ_ಹುಡುಗ
ಓದಿ ಓದಿ ಸಿಟ್ಟು ಬರುತ್ತಿದೆ. ಸುಡಬೇಡಿ, ಕಾಯಿಸಬೇಡಿ, ಇಟ್ಟಿಗೆ ಮಾಡಬೇಡಿ. ಮತ್ತೆ ಎಲ್ಲಿಗೆ? ಬೆಂಗಳೂರಿನ ಕಸವನ್ನು ನಮ್ಮೂರು ಮಾವಳ್ಳಿಪುರಕ್ಕೆ ತಂದು ಸುರಿದರು. 2012ರಲ್ಲಿ ಜನ ರಸ್ತೆಗಿಳಿದ ಮೇಲೆ ನಿಂತಿತು. ಆಮೇಲೆ ಮಂಡೂರಿನ ಮೇಲೆ ಬಿತ್ತು, ಅವರೂ ಹೋರಾಡಿ 2014ರ ಕೊನೆಗೆ ನಿಲ್ಲಿಸಿದರು. ಊರಿನ ಬಾವಿ ನೀರು ಕುಡಿಯಲು ಬಾರದ ಹಾಗಾಯಿತು. ನಮಗೆ ಸುಡುವ ಘಟಕ ಬೇಕೇ ಬೇಕು. ಬೂದಿ ಅಂದರೆ ಕಸದ ನೂರರಲ್ಲಿ ಎರಡು ಮೂರು ಪಾಲು, ಅದಕ್ಕೆ ಇಷ್ಟು ಗಲಾಟೆ ಯಾಕೆ?

ಒಣಕಸ_ಅಕ್ಕ
ತಮ್ಮಾ, ನಿಮ್ಮೂರಿಗೆ ಆದದ್ದು ಅನ್ಯಾಯ. ಅದನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆ ಎರಡು ಮೂರು ಪಾಲು ಬೂದಿಯೂ ಯಾವುದೋ ಊರಿಗೇ ಹೋಗಬೇಕಲ್ವಾ? ಅಲ್ಲಿ ಗುಂಡಿಗೆ ನೀರು ಇಳಿಯದ ಹಾಗೆ ಹಾಳೆ ಹಾಸಿದ್ದಾರಾ, ಸೋರುವ ನೀರು ಹಿಡಿಯುತ್ತಾರಾ ಎಂದು ಕೇಳುವುದು ಆ ಊರಿನ ಪರವಾಗಿಯೇ. ಕಸ ಸುಡಬೇಕೋ ಬೇಡವೋ ಎಂಬ ವಾದ ಬೇರೆ. ಸುಟ್ಟ ಮೇಲೆ ಬೂದಿಯ ಹೊಣೆ ಹೊರದೆ ತಪ್ಪಿಸಿಕೊಳ್ಳುವ ಹಾಗಿಲ್ಲ.

ಬಾಯ್ಲರ್_ಎಂಜಿನಿಯರ್
ಪ್ರಮಾಣ ಹೇಳಿದ್ದಕ್ಕೆ ಒಂದು ಲೆಕ್ಕ. ಕಸ ಜಾಲರಿಯ ಮೇಲೆ ಉರಿಯುವ ಮಾಮೂಲಿ ಒಲೆಯಲ್ಲಿ ತಳಬೂದಿ (ಒಲೆಯ ತಳದಲ್ಲೇ ಉಳಿಯುವ ಬೂದಿ) ಕಸದ ಕಾಲುಭಾಗದ ಆಸುಪಾಸು, ಹಾರುಬೂದಿ ಶೇ. 2ರಿಂದ 3. ಮರಳು ಕುದಿಯುವ ಫ್ಲೂಯಿಡೈಸ್ಡ್ ಬೆಡ್ ಒಲೆಯಾದರೆ ಹಾರುಬೂದಿ ಇನ್ನೂ ಬಹಳ ಜಾಸ್ತಿ. ಬೆಂಗಳೂರು ಹತ್ತಿರದ ಬಿಡದಿಯದು 11.5 ಮೆಗಾವ್ಯಾಟ್, ದಿನಕ್ಕೆ 600 ಟನ್ ಕಸ ಸುಡಲು ಯೋಜಿಸಿದ ಘಟಕ. ಅಷ್ಟು ದೊಡ್ಡ ಯಾವುದೇ ಜಾಲರಿ ಒಲೆ ಪೂರ್ತಿ ನಡೆದರೆ ಹಾರುಬೂದಿ ದಿನಕ್ಕೆ 12ರಿಂದ 18 ಟನ್. ವರ್ಷಕ್ಕೆ ಸಾವಿರಾರು ಟನ್. ಸಣ್ಣದಲ್ಲ.

ಗಾರೆ_ಗೋಪಿ
ಅದನ್ನೇ ಕರಗಿಸಿ ಗಾಜು ಮಾಡಿಬಿಟ್ಟರೆ ಆಯ್ತಲ್ಲ ಸರ್. ಗಾಜಿನಿಂದ ಏನೂ ಸೋರಲ್ಲ.

ಚಿಬಾದಿಂದ_ಶ್ರೀ
ನಾನು ಜಪಾನಿನಲ್ಲಿ ಇದ್ದೇನೆ, ಕೆಲಸವೂ ಇದಕ್ಕೆ ಹತ್ತಿರದ್ದು. ಗೋಪಿಯವರು ಹೇಳಿದ್ದನ್ನು ಇಲ್ಲಿ ದೇಶದ ಮಟ್ಟದಲ್ಲಿ ಮಾಡಿ ನೋಡಿದ್ದಾರೆ.

ಇಲ್ಲಿ 1991ರ ಕಾನೂನು ತಿದ್ದುಪಡಿಯಲ್ಲೇ ಕಸದ ಹಾರುಬೂದಿಯನ್ನು ವಿಶೇಷ ಎಚ್ಚರಿಕೆಯ ತ್ಯಾಜ್ಯ ಎಂದು ಬೇರೆ ಮಾಡಿದರು. ಹಾಗೇ ಗುಂಡಿಗೆ ಹಾಕುವಂತಿಲ್ಲ. ಕರಗಿಸಬೇಕು, ಇಲ್ಲವೇ ಸಿಮೆಂಟಿನಲ್ಲಿ ಕಟ್ಟಬೇಕು, ರಾಸಾಯನಿಕ ಹಾಕಿ ಲೋಹ ಹಿಡಿಸಬೇಕು, ಅಥವಾ ಆಮ್ಲದಲ್ಲಿ ತೊಳೆಯಬೇಕು. ಆಮೇಲೆ ಒಸಾಕಾ ಪ್ರಾಂತ್ಯದ ನೋಸೆ ಎಂಬ ಊರಿನ ಕಸದ ಒಲೆಯ ಸುತ್ತಲಿನ ಮಣ್ಣಿನಲ್ಲಿ ಭಾರಿ ಡಯಾಕ್ಸಿನ್ ಸಿಕ್ಕಿತು. 1998ರ ಹೊತ್ತಿಗೆ ಅದು ದೇಶದ ತುಂಬಾ ಸುದ್ದಿ. 1999ರಲ್ಲಿ ಡಯಾಕ್ಸಿನ್‌ಗೇ ಒಂದು ಪ್ರತ್ಯೇಕ ಕಾನೂನು ಬಂತು. ಬೂದಿಗೆ ಮಿತಿ ಗ್ರಾಂಗೆ 3 ನ್ಯಾನೊಗ್ರಾಂ (ಒಂದು ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು).

ಆ ಕಾಲದಲ್ಲಿ ಸರ್ಕಾರ ಹೊಸ ಘಟಕಗಳಿಗೆ ಹಣ ಕೊಡುವಾಗ ಬೂದಿ ಕರಗಿಸುವ ಕುಲುಮೆಯೂ ಇರಲಿ ಎಂದಿತು. ಊರೂರಲ್ಲಿ ಎದ್ದವು. ವಿದ್ಯುತ್ ಆರ್ಕ್, ಪ್ಲಾಸ್ಮಾ, ಎಣ್ಣೆ ಅಥವಾ ಗ್ಯಾಸ್ ಬರ್ನರ್, ಎಲ್ಲ ಬಗೆಯವೂ ಬಂದವು. 1300 ಡಿಗ್ರಿ ಮೇಲೆ ಬೂದಿ ಲಾವಾದ ಹಾಗೆ ಹರಿಯುತ್ತದೆ. ತಣಿಸಿದರೆ ಕಪ್ಪು ಗಾಜಿನ ಹರಳು, ಅದಕ್ಕೆ ಸ್ಲ್ಯಾಗ್ ಎನ್ನುತ್ತಾರೆ. ಡಯಾಕ್ಸಿನ್ ಬಹುತೇಕ ಪೂರ್ತಿ ಹೋಗುತ್ತದೆ. ಸ್ಲ್ಯಾಗಿನಿಂದ ಲೋಹ ಸೋರುವುದೂ ತೀರ ಕಮ್ಮಿ. ರಸ್ತೆಗೆ, ಕಾಂಕ್ರೀಟಿಗೆ ಬಳಸಲು 2006ರಲ್ಲಿ ಜಪಾನಿನ ಮಾನಕವೂ ಬಂತು.

ಇಷ್ಟೆಲ್ಲ ಆದ ಮೇಲೂ ಬಹಳ ಕುಲುಮೆಗಳು ಈಗ ನಿಂತಿವೆ. ಖರ್ಚು ತಡೆಯಲಾಗಲಿಲ್ಲ. ಒಳಗಿನ ಬೆಂಕಿ ಇಟ್ಟಿಗೆಯನ್ನು ಕರಗಿದ ಉಪ್ಪು ತಿಂದುಹಾಕುತ್ತಿತ್ತು. ಕೆಲವು ಕಡೆ ಅಪಘಾತವೂ ಆಯಿತು. 2011ರ ಭೂಕಂಪದ ನಂತರ ಕರೆಂಟ್ ಕೊರತೆ ಬಂದಾಗ ಟೋಕಿಯೊದಲ್ಲೂ ನಿಲ್ಲಿಸಿದರು. ಈಗ ಹೆಚ್ಚು ಕಡೆ ಹಾರುಬೂದಿಗೆ ಲೋಹ ಹಿಡಿಯುವ ಚೀಲೇಟ್ ದ್ರಾವಣ ಕಲಸಿ, ಕಾವಲಿರುವ ಗುಂಡಿಗೆ ಹಾಕುತ್ತಾರೆ.

ಬಾಯ್ಲರ್_ಎಂಜಿನಿಯರ್
ಶ್ರೀಯವರೇ, ಕರೆಂಟ್ ಖರ್ಚಿನ ಮಾತಿಗೆ ಒಂದು ತಕರಾರು. ವಿದ್ಯುತ್ ಕುಲುಮೆಯಲ್ಲಿ ಟನ್ ಬೂದಿಗೆ ಸಾವಿರ ಯೂನಿಟ್ ಎಂದು ದಪ್ಪ ಲೆಕ್ಕ ಇಟ್ಟುಕೊಳ್ಳಿ. ಮೇಲೆ ಹೇಳಿದ ಅಳತೆಯ ಘಟಕದಲ್ಲಿ ದಿನಕ್ಕೆ 15 ಟನ್ ಹಾರುಬೂದಿ, ಅಂದರೆ 15,000 ಯೂನಿಟ್. ಘಟಕ ಪೂರ್ತಿ ಓಡಿದರೆ ದಿನಕ್ಕೆ 2,76,000 ಯೂನಿಟ್ ಹುಟ್ಟುತ್ತದೆ. ಶೇ. 5 ಅಥವಾ 6 ಅಷ್ಟೇ. ಇದು ಕೈಗೆಟುಕದ್ದೇನಲ್ಲ.

ಹೊರೆ ಆಗುವುದು ತಳಬೂದಿಯನ್ನೂ ಸೇರಿಸಿ ಕರಗಿಸಿದಾಗ. 150 ಟನ್‌ಗೆ 1,50,000 ಯೂನಿಟ್, ಹುಟ್ಟಿದ ಕರೆಂಟಿನ ಅರ್ಧಕ್ಕಿಂತ ಜಾಸ್ತಿ ಕುಲುಮೆಗೇ ಹೋಯಿತು. ಜಪಾನ್ ಎಡವಿದ್ದು ಅಲ್ಲಿ ಎಂದು ನನ್ನ ಅನಿಸಿಕೆ.

ಚಿಬಾದಿಂದ_ಶ್ರೀ
ಲೆಕ್ಕ ಸರಿ ಇದೆ. ಇಲ್ಲಿ ಎರಡೂ ಬೂದಿ ಸೇರಿಸಿ ಕರಗಿಸಿದ ಕಡೆಗಳೇ ಹೆಚ್ಚು. ಆದರೆ ಹಾರುಬೂದಿ ಒಂದನ್ನೇ ಕರಗಿಸುವುದು ಇನ್ನೂ ಕಷ್ಟ. ಅದರಲ್ಲಿ ಮರಳಿನ ಅಂಶ ಕಮ್ಮಿ, ಸುಣ್ಣ ಮತ್ತು ಉಪ್ಪು ಜಾಸ್ತಿ. ಬರೀ ಅದರಿಂದ ಗಾಜು ಸರಿಯಾಗಿ ಕೂಡುವುದಿಲ್ಲ. ತಳಬೂದಿಯೋ ಗಾಜಿನ ಪುಡಿಯೋ ಮರಳೋ ಸೇರಿಸಲೇಬೇಕು. ಕರಗಿದ ಉಪ್ಪು ಬೇರೆ ಪದರವಾಗಿ ಮೇಲೆ ತೇಲುತ್ತದೆ. ಅದನ್ನು ನಿಭಾಯಿಸುವುದೇ ಒಂದು ಕೆಲಸ.

ಶಕ್ತಿನಗರ_ರೋಡ್
ಕರಗಿಸಿದಾಗ ಸೀಸ ಎಲ್ಲಾ ಗಾಜಿನೊಳಗೇ ಕೂರುತ್ತದೇನ್ರಿ?

ರಸಾಯನ_ಮೇಷ್ಟ್ರು
ಇಲ್ಲ. ಬಹಳ ಜನ ಮರೆಯುವ ಸಂಗತಿ ಇದು. ಕ್ಲೋರಿನ್ ಜೊತೆ ಸೇರಿದ ಲೋಹ ಸುಲಭವಾಗಿ ಆವಿಯಾಗುತ್ತದೆ. ಸತುವಿನ ಕ್ಲೋರೈಡ್ 732 ಡಿಗ್ರಿಗೆ ಕುದಿಯುತ್ತದೆ, ಸೀಸದ್ದು ಸುಮಾರು 950ಕ್ಕೆ. 1300 ಡಿಗ್ರಿ ಕುಲುಮೆಯಲ್ಲಿ ಅವು ಎದ್ದು ಹೊಗೆಯ ಜೊತೆ ಹೋಗುತ್ತವೆ. ಕುದಿಯುವ ಪಾತ್ರೆಯ ಮುಚ್ಚಳದ ಒಳಗೆ ನೀರು ಹನಿಗಟ್ಟುವ ಹಾಗೆ, ತಣ್ಣಗಿನ ಫಿಲ್ಟರ್‌ನಲ್ಲಿ ಮತ್ತೆ ಬೂದಿಯಾಗಿ ಕೂರುತ್ತವೆ. ಅದು ಎರಡನೇ ಸುತ್ತಿನ ಹಾರುಬೂದಿ. ತೂಕ ಕಮ್ಮಿ, ಆದರೆ ಸೀಸ, ಸತು, ಕ್ಯಾಡ್ಮಿಯಂ ಮೊದಲಿಗಿಂತ ಎಷ್ಟೋ ಪಟ್ಟು ದಟ್ಟ.

ಅದಕ್ಕೇ "ನಿಮ್ಮ ಎರಡನೇ ಬೂದಿ ಎಲ್ಲಿಗೆ ಹೋಗುತ್ತೆ" ಎಂದು ಕೇಳದೆ ಯಾವ ಕುಲುಮೆಯನ್ನೂ ಹೊಗಳಬಾರದು.

ಚಿಬಾದಿಂದ_ಶ್ರೀ
ಇಲ್ಲಿ ಅದನ್ನು ಸತು, ಸೀಸ ತೆಗೆಯುವ ಲೋಹ ಕಾರ್ಖಾನೆಗೆ ಅದಿರಿನ ಹಾಗೆ ಕಳಿಸುವ ಏರ್ಪಾಡು ಇದೆ. ಬೆಟ್ಟದಿಂದ ಬಂದದ್ದು ಬೆಟ್ಟಕ್ಕೆ ಮರಳಲಿ ಎಂಬ ಅರ್ಥದ ಹೆಸರೂ ಅದಕ್ಕಿದೆ. ಎಲ್ಲರೂ ಕಳಿಸುವುದಿಲ್ಲ, ದುಬಾರಿ.

ಕಾಲಂ_ಬೀಮ್
ಸ್ಟ್ರಕ್ಚರಲ್ ಎಂಜಿನಿಯರ್ ಆಗಿ ನನ್ನ ಮಾತು. ವಿಷದ ವಿಷಯ ಬದಿಗಿಡಿ, ಕ್ಲೋರೈಡ್ ಒಂದೇ ಸಾಕು ಬೇಡ ಅನ್ನಲು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕಬ್ಬಿಣ ಇರುವ ಕಾಂಕ್ರೀಟಿನಲ್ಲಿ ಘನ ಮೀಟರ್‌ಗೆ 0.6 ಕಿಲೋ ಕ್ಲೋರೈಡ್ ಮಿತಿ. ಕಸದ ಹಾರುಬೂದಿಯಲ್ಲಿ ಶೇ. 10ರಿಂದ 20 ಕ್ಲೋರಿನ್ ಇರುವುದು ಸಾಮಾನ್ಯ. ಶೇ. 15 ಎಂದುಕೊಂಡು ಘನ ಮೀಟರ್‌ಗೆ 100 ಕಿಲೋ ಬೂದಿ ಹಾಕಿದರೆ 15 ಕಿಲೋ ಕ್ಲೋರೈಡ್ ಆಯಿತು. ಮಿತಿಯ 25 ಪಟ್ಟು. ಕಂಬಿ ತುಕ್ಕು ಹಿಡಿದು ಕಾಂಕ್ರೀಟ್ ಸಿಡಿಯುತ್ತದೆ.

ಇಟ್ಟಿಗೆಯಲ್ಲಿ ಕಂಬಿ ಇಲ್ಲ ಎನ್ನಬಹುದು. ಆದರೆ ಆ ಉಪ್ಪು ತೇವದ ಜೊತೆ ಪಕ್ಕದ ಲಿಂಟೆಲ್‌ಗೆ, ಕಾಲಂಗೆ ಇಳಿಯುತ್ತದೆ. ಗೋಡೆಯಲ್ಲಿ ಬಿಳಿ ಉಪ್ಪು ಏಳುತ್ತದೆ, ಪ್ಲಾಸ್ಟರ್ ಉದುರುತ್ತದೆ. ಬೂದಿಯಲ್ಲಿ ಅಲ್ಯುಮಿನಿಯಂ ಚೂರು ಉಳಿದಿದ್ದರೆ ಸುಣ್ಣದ ಕ್ಷಾರಕ್ಕೆ ಗ್ಯಾಸ್ ಬಿಟ್ಟು ಬ್ಲಾಕ್ ಉಬ್ಬಿ ಬಿರಿಯುವುದೂ ಉಂಟು.

350 ಡಿಗ್ರಿಗೆ ಕಾಯಿಸಿದರೆ ಈ ಉಪ್ಪು ಒಂದಿಷ್ಟೂ ಹೋಗಲ್ಲ ಅಲ್ವಾ ಮೇಷ್ಟ್ರೇ?

ರಸಾಯನ_ಮೇಷ್ಟ್ರು
ಹೋಗಲ್ಲ. ಆ ಶಾಖಕ್ಕೆ ಉಪ್ಪು ಜಗ್ಗುವುದಿಲ್ಲ. ಅಡುಗೆ ಉಪ್ಪು ಕರಗಲೇ 801 ಡಿಗ್ರಿ ಬೇಕು.

ಎಚ್ಎಸ್ಆರ್_ವಿನಯ
ನೀರಲ್ಲಿ ತೊಳೆದರೆ?

ಕಾಲಂ_ಬೀಮ್
ಉಪ್ಪು ಬಹುಪಾಲು ಹೋಗುತ್ತದೆ. ಚೀನಾದಲ್ಲಿ ಮಾಡುತ್ತಾರೆ. ಬೀಜಿಂಗ್ ಹತ್ತಿರದ ಲಿಯುಲಿಹೆ ಸಿಮೆಂಟ್ ಕಾರ್ಖಾನೆ ಕಸದ ಹಾರುಬೂದಿಯನ್ನು ಮೊದಲು ತೊಳೆದು, ಆಮೇಲೆ ಸಿಮೆಂಟ್ ಗೂಡಿಗೆ ಹಾಕುತ್ತದೆ. ಗೂಡಿನಲ್ಲಿ ಸಾಮಗ್ರಿ 1450 ಡಿಗ್ರಿವರೆಗೆ ಕಾಯುತ್ತದೆ, ಡಯಾಕ್ಸಿನ್ ಉಳಿಯಲ್ಲ. ಆದರೆ ತೊಳೆದ ನೀರಲ್ಲಿ ಉಪ್ಪಿನ ಜೊತೆ ಸೀಸವೂ ಇರುತ್ತದೆ. ಅದನ್ನು ಶುದ್ಧ ಮಾಡಿ, ಉಪ್ಪನ್ನು ಬತ್ತಿಸಿ ತೆಗೆಯಬೇಕು. ಕೆರೆಗೆ ಬಿಟ್ಟರೆ ಕೆರೆ ಮುಗಿಯಿತು.

ಚಿಬಾದಿಂದ_ಶ್ರೀ
ಇದಕ್ಕೆ ತಿರುಗುಮುರುಗಾದ ದಾರಿಯೂ ಇದೆ. ನನಗೆ ತುಂಬಾ ಮೆಚ್ಚುಗೆಯಾದದ್ದು ಅದೇ. ಟೋಕಿಯೊದ ಪಶ್ಚಿಮಕ್ಕೆ ತಾಮಾ ಎಂಬ ಪ್ರದೇಶ. ಅಲ್ಲಿನ 25 ನಗರ, ಒಂದು ಪಟ್ಟಣದ ಕಸದ ಬೂದಿ ಹಿನೋದೆ ಎಂಬ ಕಡೆ ಇಕೋಸಿಮೆಂಟ್ ಆಗುತ್ತದೆ. 2006ರಿಂದ ನಡೆಯುತ್ತಿದೆ. ಟನ್ ಸಿಮೆಂಟಿಗೆ ಅರ್ಧ ಟನ್ನಿಗಿಂತ ಜಾಸ್ತಿ ಬೂದಿ ಹೋಗುತ್ತದೆ. ಬೂದಿಯಲ್ಲಿರುವ ಕ್ಲೋರಿನ್ನನ್ನೇ ಅವರು ಕೆಲಸಕ್ಕೆ ಬಳಸುತ್ತಾರೆ. 1350 ಡಿಗ್ರಿ ಗೂಡಿನಲ್ಲಿ ಸೀಸ, ತಾಮ್ರ ಕ್ಲೋರೈಡ್ ಆಗಿ ಆವಿಯಾಗಿ ಹೊರಬರುತ್ತವೆ. ಹೊಗೆಯನ್ನು ತಟ್ಟನೆ ತಣಿಸುತ್ತಾರೆ, 300 ಡಿಗ್ರಿ ಹತ್ತಿರ ಹೊತ್ತು ಕಳೆಯಲು ಬಿಡುವುದಿಲ್ಲ. ಫಿಲ್ಟರ್‌ನಲ್ಲಿ ಸಿಕ್ಕ ದೂಳಿನಿಂದ ಲೋಹ ಬೇರೆ ಮಾಡಿ ಲೋಹ ಕಾರ್ಖಾನೆಗೆ ಕಳಿಸುತ್ತಾರೆ.

ಹೀಗೆ ಬಂದ ಸಾಧಾರಣ ಇಕೋಸಿಮೆಂಟಿನಲ್ಲಿ ಕ್ಲೋರೈಡ್ ಶೇ. 0.1 ಮೀರಬಾರದು ಎಂದು ಮಾನಕ ಇದೆ. ಅದೇ ಊರಿನ ಗುಂಡಿಗೆ ಮೊದಲು ಬೂದಿ ಹೋಗುತ್ತಿತ್ತು, ಈಗ ಹೋಗುತ್ತಿಲ್ಲ.

ಆದರೆ ಇದು ಒಂದು ದೊಡ್ಡ ಕಾರ್ಖಾನೆ. ಇಟ್ಟಿಗೆ ಗೂಡಿನ ಹಿಂದೆ ಒಂದು ಡ್ರಮ್ ಇಟ್ಟು ಮಾಡುವ ಕೆಲಸ ಅಲ್ಲ.

ಗಾರೆ_ಗೋಪಿ
ಸರಿ ಸ್ವಾಮಿ, ಮನೆಗೋಡೆಗೆ ಬೇಡ. ರಸ್ತೆಗೆ, ಕಾಲುದಾರಿಗೆ ಹಾಕಿದರೆ ಏನು? ಯಾರು ಅದನ್ನು ತಿನ್ನುತ್ತಾರೆ?

ನ್ಯೂಕ್ಯಾಸಲ್_ನಳಿನಿ
ಕೋಳಿ ತಿನ್ನುತ್ತವೆ! ನಾನಿರುವ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲೇ ಆದದ್ದು. ಬೈಕರ್ ಎಂಬ ಬಡಾವಣೆಯ ಕಸದ ಒಲೆಯ ಬೂದಿಯನ್ನು, ತಳಬೂದಿ ಹಾರುಬೂದಿ ಎರಡೂ ಕಲಸಿದ್ದು, 1994ರಿಂದ 1999ರವರೆಗೆ ಜನ ತರಕಾರಿ ಬೆಳೆಯುವ ಬಾಡಿಗೆ ತೋಟಗಳ ಕಾಲುದಾರಿಗೆ ಹಾಸಿದರು. ಆ ತೋಟಗಳಲ್ಲಿ ಕೋಳಿಯೂ ಸಾಕುತ್ತಾರೆ. ಆಮೇಲೆ ಪರೀಕ್ಷೆ ಮಾಡಿದಾಗ ಬೂದಿಯಲ್ಲಿ ಡಯಾಕ್ಸಿನ್, ಭಾರಲೋಹ ಸಿಕ್ಕವು. ಅಲ್ಲಿನ ಮೊಟ್ಟೆ, ಕೋಳಿ ತಿನ್ನಬೇಡಿ ಎಂದು ಜನರಿಗೆ ಹೇಳಬೇಕಾಯಿತು. ಬೂದಿಯನ್ನೆಲ್ಲ ಅಗೆದು ತೆಗೆದರು. ನಗರಸಭೆಗೂ ಘಟಕ ನಡೆಸುತ್ತಿದ್ದವರಿಗೂ ಕೋರ್ಟು ದಂಡ ಹಾಕಿತು.

ಕೋಳಿ ಮಣ್ಣು ಕೆದರಿ ಕುಕ್ಕುತ್ತದೆ, ಡಯಾಕ್ಸಿನ್ ಅದರ ಕೊಬ್ಬಿಗೆ ಸೇರುತ್ತದೆ, ಅಲ್ಲಿಂದ ಮೊಟ್ಟೆಗೆ. ನಮ್ಮ ಹಳ್ಳಿಗಳಲ್ಲಿ ಕೋಳಿ ಓಡಾಡದ ದಾರಿ ಎಲ್ಲಿದೆ ಹೇಳಿ.

ಮಾವಳ್ಳಿಪುರ_ಹುಡುಗ
ಇದು ಗೊತ್ತಿರಲಿಲ್ಲ. ನಮ್ಮ ಕಡೆ ಮನೆ ಮನೆಗೂ ಕೋಳಿ ಇದೆ. ಹಾಗಾದರೆ ಘಟಕ ಬರುವಾಗ ಊರಿನವರು ಕೇಳಬೇಕಾದ್ದು ಏನು, ಒಂದೇ ಮಾತಲ್ಲಿ ಹೇಳಿ.

ಒಣಕಸ_ಅಕ್ಕ
ತಳಬೂದಿ, ಹಾರುಬೂದಿ ಬೇರೆ ಬೇರೆ ಇಡುತ್ತೀರಾ, ಹಾರುಬೂದಿ ಯಾವ ಲಾರಿಯಲ್ಲಿ ಯಾವ ಗುಂಡಿಗೆ ಹೋಗುತ್ತದೆ, ದಾಖಲೆ ತೋರಿಸಿ. ಬೂದಿಯಲ್ಲಿ ವಿಷಲೋಹ ಮಿತಿ ಮೀರಿದರೆ ಅಪಾಯಕಾರಿ ತ್ಯಾಜ್ಯದ ಘಟಕಕ್ಕೇ ಕಳಿಸಬೇಕು ಎಂದು 2016ರ ಘನತ್ಯಾಜ್ಯ ನಿಯಮದಲ್ಲಿತ್ತು. ಈಗಿನ ನಿಯಮದಲ್ಲಿ ಏನಿದೆ ನೋಡಿ, ಅದನ್ನು ಹಿಡಿದುಕೊಂಡು ಕೇಳಿ.

ಕೆಂಗೇರಿ_ಸೈಟ್
ಎಲ್ಲರಿಗೂ ಧನ್ಯವಾದ. ಇಷ್ಟು ಓದಿದ ಮೇಲೆ ಪೂರೈಸುವವರಿಗೆ ಫೋನ್ ಮಾಡಿದೆ. ಟೆಸ್ಟ್ ರಿಪೋರ್ಟ್ ಕಳಿಸಿದರು. ಇಟ್ಟಿಗೆ ಎಷ್ಟು ಭಾರ ತಡೆಯುತ್ತದೆ, ಎಷ್ಟು ನೀರು ಹೀರುತ್ತದೆ, ಇಷ್ಟೇ ಇದೆ. ಎಷ್ಟು ಡಿಗ್ರಿಗೆ ಕಾಯಿಸಿದ್ದು ಎಂದು ಕೇಳಿದರೆ "ಕಂಪನಿಯವರಿಗೆ ಗೊತ್ತು" ಎಂದರು. ನನಗೆ ಬೇಡ ಎಂದು ಹೇಳಿದೆ. ಆದರೆ ಬೇರೆಯವರಿಗೆ ಉಪಯೋಗ ಆಗಲಿ, ಯಾವ ಟೆಸ್ಟ್ ಕೇಳಬೇಕು?

ರಸಾಯನ_ಮೇಷ್ಟ್ರು
ಒಳ್ಳೆಯ ಕೆಲಸ ಮಾಡಿದಿರಿ.

ಲೋಹ ಸೋರುವ ಪರೀಕ್ಷೆಯನ್ನು ಲ್ಯಾಬುಗಳು ಟಿಸಿಎಲ್‌ಪಿ ಎಂದು ಕರೆಯುತ್ತವೆ. ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಮಿತಿ ಲೀಟರಿಗೆ ಸೀಸ 5 ಮಿಲಿಗ್ರಾಂ, ಕ್ಯಾಡ್ಮಿಯಂ 1, ಪಾದರಸ 0.2. ಆದರೆ ಇದೊಂದೇ ಸಾಲದು. ಆ ಪರೀಕ್ಷೆಯಲ್ಲಿ ಬೂದಿಯನ್ನು ಹುಳಿ ದ್ರಾವಣದಲ್ಲಿ ಅಲುಗಾಡಿಸುತ್ತಾರೆ. ಕಸದ ಹಾರುಬೂದಿಯಲ್ಲಿ ಸುಣ್ಣ ವಿಪರೀತ, ಪಿಎಚ್ 12ರ ಹತ್ತಿರ, ಅಂದರೆ ಬಲವಾದ ಕ್ಷಾರ. ಸೀಸ ಹುಳಿಯಲ್ಲೂ ಕರಗುತ್ತದೆ, ಬಲವಾದ ಕ್ಷಾರದಲ್ಲೂ ಕರಗುತ್ತದೆ, ನಡುವೆ ಮಾತ್ರ ಸುಮ್ಮನಿರುತ್ತದೆ. ಬೂದಿಯ ಸುಣ್ಣ ಆ ಹುಳಿಯನ್ನು ನಡುವಿನ ಮಟ್ಟಕ್ಕೆ ತಂದು ನಿಲ್ಲಿಸಿಬಿಟ್ಟರೆ ಪಾಸ್ ಆಗಬಹುದು. ಅದೇ ಬೂದಿ ಬರೀ ಮಳೆನೀರಿಗೆ ಸೀಸ ಬಿಡಬಹುದು. ಅದಕ್ಕೇ ನೀರಿನಲ್ಲಿ ಸೋರುವ ಪರೀಕ್ಷೆಯನ್ನೂ ಕೇಳಿ. ಜೊತೆಗೆ ಕ್ಲೋರೈಡ್, ಡಯಾಕ್ಸಿನ್.

ಇನ್ನೊಂದು ಮುಖ್ಯ: ಕ್ರೋಮಿಯಂ. ಇದು ಕಾಯಿಸಿದರೆ ಹದಗೆಡುವ ಲೋಹ. ಬೂದಿಯಲ್ಲಿ ಅದು ಹೆಚ್ಚಾಗಿ ಅಷ್ಟು ಕರಗದ ಮೂರರ ಸ್ಥಿತಿಯಲ್ಲಿರುತ್ತದೆ (ರಿಪೋರ್ಟಿನಲ್ಲಿ ಕ್ರೋಮಿಯಂ-3; ಆರರದು ಕ್ರೋಮಿಯಂ-6). ಸುಣ್ಣ ಇರುವ ಬೂದಿಯನ್ನು ಗಾಳಿಯಲ್ಲಿ ಕೆಲವು ನೂರು ಡಿಗ್ರಿಗೆ ಕಾಯಿಸಿದರೆ ಒಂದಷ್ಟು ಆರರ ಸ್ಥಿತಿಗೆ ಹೋಗಿ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಆರರ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು. ಡಯಾಕ್ಸಿನ್ ತೆಗೆಯಲು ಗಾಳಿಯಲ್ಲಿ 600 ಡಿಗ್ರಿಗೆ ಒಯ್ದು, ಇತ್ತ ಕ್ರೋಮಿಯಂ ಎಬ್ಬಿಸಿದ ಹಾಗಾಗುತ್ತದೆ. ಹಾಗಾಗಿ ಕಾಯಿಸಿದ ಬೂದಿಗೆ ಆರರ ಕ್ರೋಮಿಯಂ ಪರೀಕ್ಷೆ ಕಡ್ಡಾಯ ಎಂದೇ ನಾನು ಹೇಳುವುದು.

ಎಚ್ಎಸ್ಆರ್_ವಿನಯ
ಇಷ್ಟು ತಾಪತ್ರಯ ಇದ್ದರೆ ಕಾಯಿಸುವುದೇ ದಂಡ ಅಲ್ವಾ? ಶ್ರೀಯವರು ಹೇಳಿದ ಚೀಲೇಟ್ ಕಲಸಿ ಗುಂಡಿಗೆ ಹಾಕಿದರೆ ಸಾಕಲ್ಲ, ಅಗ್ಗವೂ ಹೌದು.

ಚಿಬಾದಿಂದ_ಶ್ರೀ
ಚೀಲೇಟ್ ಲೋಹ ಹಿಡಿಯುತ್ತದೆ. ಡಯಾಕ್ಸಿನ್ನನ್ನು ಮುಟ್ಟುವುದೂ ಇಲ್ಲ. ಉಪ್ಪು ಹಾಗೇ ಇರುತ್ತದೆ, ಮಳೆಗೆ ತೊಳೆದು ಗುಂಡಿಯ ನೀರಿಗೆ ಸೇರುತ್ತದೆ. ಎಷ್ಟು ವರ್ಷ ಹಿಡಿದುಕೊಂಡಿರುತ್ತದೆ ಎಂಬ ಚಿಂತೆಯೂ ಇದೆ. ಇಲ್ಲಿ ಅದು ನಡೆಯುವುದು ಬೂದಿಯ ಡಯಾಕ್ಸಿನ್ ಮೊದಲೇ 3 ನ್ಯಾನೊಗ್ರಾಂ ಮಿತಿಯೊಳಗೆ ಇದ್ದಾಗ. ಒಲೆ ಒಂದೇ ಸಮ ಉರಿಯಬೇಕು, ಹೊಗೆ ಬೇಗ ತಣಿಯಬೇಕು, ಇಂಗಾಲ ಪೂರ್ತಿ ಸುಡಬೇಕು. ಒದ್ದೆ ಕಸಕ್ಕೆ ಒಲೆ ದಿನಕ್ಕೊಂದು ರೀತಿ ಉರಿದರೆ ಆ ಭರವಸೆ ಇಲ್ಲ.

ಬಾಯ್ಲರ್_ಎಂಜಿನಿಯರ್
ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಮ್ಮಲ್ಲಿ ಈಗ ಬೇಕಾದ್ದು ಹಾರುಬೂದಿಯನ್ನು ಕಟ್ಟುನಿಟ್ಟಾಗಿ ಬೇರೆ ಇಟ್ಟು, ಮುಚ್ಚಿದ ಲಾರಿಯಲ್ಲಿ ಒಯ್ದು, ಹಾಳೆ ಹಾಸಿದ ಗುಂಡಿಗೆ ಹಾಕಿ ಲೆಕ್ಕ ಇಡುವುದು. ಆಮೇಲೆ ಹಲವು ಘಟಕ ಸೇರಿ ಒಂದು ಕಡೆ ತೊಳೆದು, ಸಿಮೆಂಟ್ ಗೂಡಿಗೆ ಕಳಿಸುವ ಏರ್ಪಾಡು. ಕಲಬುರಗಿ ಕಡೆ ಸಿಮೆಂಟ್ ಕಾರ್ಖಾನೆಗಳು ಸಾಲಾಗಿ ಇವೆ. ಪ್ರತಿ ಘಟಕಕ್ಕೂ ಒಂದು ಪ್ಲಾಸ್ಮಾ ಕುಲುಮೆ ಎಂಬ ಮಾತು ಬರೀ ಶೋಕಿ.

ಶಕ್ತಿನಗರ_ರೋಡ್
ಕಲಬುರಗಿಗೆ ಕಳಿಸೋ ಮುಂಚೆ ಕಲಬುರಗಿಯವರನ್ನೂ ಕೇಳ್ರಿ ಸರ್. ಕಲ್ಲಿದ್ದಲು ಬೂದಿ ಬಂದಾಗ ನಮ್ಮನ್ನು ಯಾರೂ ಕೇಳಲಿಲ್ಲ.

ಬಾಯ್ಲರ್_ಎಂಜಿನಿಯರ್
ಒಪ್ಪಿದೆ. ಆ ಗೂಡಿನ ಚಿಮಣಿಯ ಅಳತೆಯ ಅಂಕಿಗಳೂ ಅಲ್ಲಿನ ಜನರ ಕೈಗೆ ಸಿಗಬೇಕು.

ನ್ಯೂಕ್ಯಾಸಲ್_ನಳಿನಿ
ಮೇಷ್ಟ್ರೇ, ಒಂದು ಸಂದೇಹ. ಥರ್ಮಾಮೀಟರು, ಟ್ಯೂಬ್‌ಲೈಟು ಎಲ್ಲಾ ಕಸಕ್ಕೆ ಹಾಕುತ್ತೇವೆ. ಆ ಪಾದರಸ ಎಲ್ಲಿಗೆ ಹೋಗುತ್ತೆ? 350 ಡಿಗ್ರಿಯ ಡ್ರಮ್ಮಿನಲ್ಲಿ ಉಳಿಯುತ್ತಾ?

ರಸಾಯನ_ಮೇಷ್ಟ್ರು
ಉಳಿಯಲ್ಲ. ಪಾದರಸ 357 ಡಿಗ್ರಿಗೆ ಕುದಿಯುತ್ತದೆ, ಅದಕ್ಕೂ ಮುಂಚೆಯೇ ಆವಿ ಏಳುತ್ತದೆ. ಕಸದ ಒಲೆಯಲ್ಲಿ ಎದ್ದ ಪಾದರಸವನ್ನು ಆಕ್ಟಿವೇಟೆಡ್ ಕಾರ್ಬನ್ (ಆವಿ ಹೀರುವ ಇದ್ದಿಲಿನ ಪುಡಿ) ಊದಿ ಹಿಡಿಯುತ್ತಾರೆ, ಆ ಕಾರ್ಬನ್ ಬಂದು ಸೇರುವುದು ಹಾರುಬೂದಿಗೇ. ಅದನ್ನು ಮತ್ತೆ ಕಾಯಿಸಿದರೆ ಹಿಡಿದ ಪಾದರಸ ಮತ್ತೆ ಬಿಡುಗಡೆ. ಹಾಗಾಗಿ ಕಾಯಿಸುವ ಡ್ರಮ್ಮಿನ ಆವಿಗೆ ತನ್ನದೇ ಆದ ಕಾರ್ಬನ್ ಫಿಲ್ಟರ್ ಬೇಕು. ಅದು ಇಲ್ಲದ ಡ್ರಮ್ಮಿನ ಪಕ್ಕ ನಿಂತು ಕೆಲಸ ಮಾಡುವವರು ಆ ಆವಿಯನ್ನು ಉಸಿರಾಡುತ್ತಾರೆ. ಟ್ಯೂಬ್‌ಲೈಟು, ಥರ್ಮಾಮೀಟರು ಬೇರೆ ಕಟ್ಟಿ ಕೊಡಿ. ಅಪಾಯಕಾರಿ ಮನೆಕಸ ಎಂದು ಅದನ್ನು ಬೇರೆಯಾಗಿ ತೆಗೆದುಕೊಳ್ಳಬೇಕು ಎಂಬುದೂ 2016ರ ಘನತ್ಯಾಜ್ಯ ನಿಯಮದಲ್ಲೇ ಇತ್ತು.